ಅರವತ್ತೊಂದು ರುಜುಗಳ ತಮಾಷೆ

ಬಂಗಾರಪೇಟೆ
9-9-1957

ಬೂದಿಕೋಟೆ ಸ್ಕೂಲಿನಲ್ಲಿ ನನ್ನ ಪಕ್ಕ ಕೂತು, ನನ್ನ ಲೆಕ್ಕವನ್ನೇ ಕದ್ದು ಬರೆದು, ನನಗಿಂತ ಎರಡು ನಂಬರು ಹೆಚ್ಚಿಗೆ ತೆಗೆದುಕೊಂಡ ಮಹಾನುಭಾವ ಕೊಂಡಪ್ಪನಿಗೆ ಸುಬ್ಬರಾಯಪ್ಪನ ನಮಸ್ಕಾರ.

ಇಲ್ಲಿ ನಾನು, ನಾರಾಯಣಮ್ಮ, ಕರೀ ಎಮ್ಮೆ ಮೂವರೂ ಆರೋಗ್ಯವಾಗಿದ್ದೇವೆ. ಕಾಹಿಲೆ ಬಿದ್ದಿರುವುದು ನಮ್ಮ ಮಾರ್ಟನ್ ಶಾಫ್ಟ್ ಗಣಿಯ ಹಾಕಿ ಟೀಮು. ನಿನ್ನೆ ಸೋದರಮಾವನ ತಿಥಿಯೂಟದಲ್ಲಿ ವಡೆ ಬಡಿಸುವ ಮುಂಚೆಯೇ ಎದ್ದು, ರೈಲು ಹಿಡಿದು ಕೋರಮಂಡಲಿಗೆ ಬಂದೆ. ಬಂದು ಏನು ಕಂಡೆ? ಸೊನ್ನೆಗೆ ನಾಲ್ಕು. ಹೋದ ವಾರ ಸೊನ್ನೆಗೆ ಮೂರು. ಅದರ ಹಿಂದಿನ ವಾರ ಒಂದಕ್ಕೆ ಐದು, ಆ ಒಂದೂ ಎದುರಾಳಿಯ ಕಾಲಿಗೆ ತಗುಲಿ ದಾರಿ ತಪ್ಪಿ ಒಳಗೆ ಹೋದದ್ದು. ಪಿತೃಗಳ ವಡೆಯನ್ನು ಬಿಟ್ಟು ಬಂದವನಿಗೆ ಇದೇ ಶಾಸ್ತಿ.

ಹೋದ ವರ್ಷ ಮೆಲ್ಬೋರ್ನಿನಲ್ಲಿ ನಮ್ಮ ದೇಶದವರು ಹಾಕಿಯಾಡಿ ಚಿನ್ನ ತಂದರು. ನೀವೋ ಕಾಲ ಕೆಳಗೇ ಚಿನ್ನ ಇಟ್ಟುಕೊಂಡಿರುವವರು, ಒಂದು ತಗಡಿನ ಲೋಟ ಗೆಲ್ಲಲಾರಿರಿ.

ತಪ್ಪು ಯಾರದ್ದು? ತಾಲ್ಲೂಕು ಕಚೇರಿಯ ಮುಂದಿನ ಹೊಂಗೆ ಮರದಡಿ ಇಪ್ಪತ್ತು ವರ್ಷದಿಂದ ಜನರ ಅರ್ಜಿ, ಕ್ರಯಪತ್ರ ಬರೆದು ಬದುಕುತ್ತಿರುವವನು ನಾನು. ಯಾವ ಸ್ವತ್ತು ಯಾರ ಕೈಯಲ್ಲಿದೆ ಎಂಬುದನ್ನು ನಾಲ್ಕು ದಿಕ್ಕಿನ ಚಕ್ಕುಬಂದಿ ಹಾಕಿ ಹೇಳುವುದೇ ನನ್ನ ಕಸುಬು. ಹಾಕುತ್ತೇನೆ, ಕೇಳು. ಪಶ್ಚಿಮಕ್ಕೆ ಗೋಲ್ ಕೀಪರ್ ಕುಪ್ಪುಸ್ವಾಮಿ, ಪೂರ್ವಕ್ಕೆ ಗೋಲಿನ ಹಿಂದಿನ ಹಲಗೆ, ಉತ್ತರಕ್ಕೊಂದು ಕಂಬ, ದಕ್ಷಿಣಕ್ಕೊಂದು ಕಂಬ. ಈ ಮಧ್ಯೆ ಇರುವ ಗೋಲೆಂಬ ಸ್ವತ್ತು ಸದರಿ ಕುಪ್ಪುಸ್ವಾಮಿಯ ಖಾತೆಯಲ್ಲಿದ್ದರೂ ಸ್ವಾಧೀನಾನುಭವ ಮಾತ್ರ ಬಂದ ಬಂದ ಟೀಮಿನವರದ್ದು.

ಐವತ್ತೊಂದನೇ ಇಸವಿಯ ಫೈನಲ್ಲಿನಲ್ಲಿ ಇದೇ ಕುಪ್ಪುಸ್ವಾಮಿ ಕೊನೇ ನಿಮಿಷದ ಹೊಡೆತವನ್ನು ಬಾಯಿಂದ ತಡೆದು, ಎರಡು ಹಲ್ಲು ಕೊಟ್ಟು ಕಪ್ಪು ತಂದ. ಅವನನ್ನು ಹೆಗಲ ಮೇಲೆ ಸ್ಟೇಷನ್ನಿನವರೆಗೆ ಹೊತ್ತವನು ನಾನು. ನನ್ನ ಅಂಗಿಯ ಮೇಲಿನ ಅವನ ರಕ್ತದ ಕಲೆ ನಾರಾಯಣಮ್ಮ ಎಷ್ಟು ಉಜ್ಜಿದರೂ ಹೋಗಿಲ್ಲ. ಒಪ್ಪಿದೆ. ಆದರೆ ಆರು ವರ್ಷದ ಹಿಂದಿನ ಹಲ್ಲಿಗೆ ಈ ವರ್ಷದ ಚೆಂಡು ನಿಲ್ಲುತ್ತದೆಯೆ? ಅವನನ್ನು ತೆಗೆಯಬೇಕು ಅಂತ ನನ್ನ ತೀರ್ಮಾನ. ನಿನ್ನ ಸಮಜಾಯಿಷಿಯನ್ನು ಬರವಣಿಗೆ ಮೂಲಕ ಕಳಿಸತಕ್ಕದ್ದು.

ಇಂತಿ,
ಸೋಲು ನೋಡಲು ರೈಲ್ವೆ ಟಿಕೆಟ್ಟು ತೆಗೆಯುವ
ಸುಬ್ಬರಾಯಪ್ಪ


ಕೋರಮಂಡಲ್
17-9-1957

ಅರ್ಜಿ ಸಾಮ್ರಾಟ್ ಸುಬ್ಬರಾಯಪ್ಪನಿಗೆ ಲ್ಯಾಂಪ್ ರೂಮಿನ ಗುಮಾಸ್ತೆ ಕೊಂಡಪ್ಪನ ಸಮಜಾಯಿಷಿ.

ಹನ್ನೊಂದು ಜನ ಆಡುವ ಆಟದಲ್ಲಿ ನಿನ್ನ ಕಣ್ಣಿಗೆ ಒಬ್ಬನೇ ಬಿದ್ದನೆ? ನಮ್ಮ ಸೆಂಟರ್ ಫಾರ್ವರ್ಡು ಚೆಂಡನ್ನು ಹೊಸ ಮದುಮಗಳ ಹಾಗೆ ನೋಡುತ್ತಾನೆ, ಮುಟ್ಟುವುದಿಲ್ಲ. ಫುಲ್ ಬ್ಯಾಕುಗಳಿಬ್ಬರೂ ಬಂದವರಿಗೆ ದಾರಿ ಬಿಟ್ಟು ‘ಒಳಗೆ ಬನ್ನಿ, ಊಟ ಮಾಡಿ’ ಅನ್ನುವಷ್ಟು ಮರ್ಯಾದಸ್ಥರು. ಎಲ್ಲರೂ ಬಿಟ್ಟ ಚೆಂಡು ಕೊನೆಗೆ ಕುಪ್ಪುಸ್ವಾಮಿಯ ಹತ್ತಿರ ಬರುತ್ತದೆ. ಕೊನೆಯವನ ಮೇಲೆ ತಪ್ಪು ಹೊರಿಸುವುದು ಸುಲಭ.

ಇನ್ನೊಂದು ವಿಷಯ ನಿನಗೆ ತಿಳಿಯದು. ಶಾಫ್ಟಿನ ಬಾಯಿಯ ಹತ್ತಿರ ಒಂದು ಕರೀ ಹಲಗೆ ಇದೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಟೀಮಿನ ಹದಿನಾಲ್ಕು ಹೆಸರು. ಹೆಸರಿದ್ದವರಿಗೆ ಮೇಲಿನ ಕೆಲಸ: ಗೇಟು, ಸ್ಟೋರು, ಇಲ್ಲವೆ ನಮ್ಮ ಲ್ಯಾಂಪ್ ರೂಮು. ಹೆಸರು ಅಳಿಸಿದರೆ ಬರುವ ಸೋಮವಾರ ಕೇಜು ಹತ್ತಿ ಗಣಿಯೊಳಕ್ಕೆ ಇಳಿಯಬೇಕು. ಸಾಹೇಬರ ಕಾಲದ ಪದ್ಧತಿ. ಸಾಹೇಬರು ಹೋದರು, ಹಲಗೆ ಉಳಿದಿದೆ.

ಕುಪ್ಪುಸ್ವಾಮಿ ಹದಿಮೂರು ವರ್ಷದಿಂದ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಲ್ಯಾಂಪಿನ ಗಾಜು ಒರೆಸುತ್ತಾನೆ. ಕೆಳಗೆ ಹೋಗುವವರು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ಕೊಟ್ಟು ಲ್ಯಾಂಪು ಒಯ್ಯುತ್ತಾರೆ. ನಾನು ಬಿಲ್ಲೆಯನ್ನು ಮೊಳೆಗೆ ಹಾಕುತ್ತೇನೆ. ಮೇಲೆ ಬಂದವರು ಲ್ಯಾಂಪು ಕೊಟ್ಟು ಬಿಲ್ಲೆ ಒಯ್ಯುತ್ತಾರೆ. ಪಾಳಿ ಮುಗಿದ ಮೇಲೂ ಬಿಲ್ಲೆ ಮೊಳೆಯಲ್ಲೇ ಇದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ. ಕುಪ್ಪುಸ್ವಾಮಿಯ ಅಣ್ಣನ ಬಿಲ್ಲೆ ಹಾಗೇ ಒಂಬತ್ತು ದಿನ ತೂಗಾಡಿತ್ತು. ಅಪ್ಪ ಮಾತ್ರ ಮೇಲೇ ಸತ್ತ, ಗಣಿಯ ಧೂಳು ಕೆಮ್ಮಿ ಕೆಮ್ಮಿ. “ನಾನ್ ಆಕಿ ಕಲ್ತಿದ್ದೇ ಆ ಕೇಜಿಗೆ ಎದ್ರಿ, ಕೊಂಡಣ್ಣ” ಅಂತ ಒಂದು ಸಲ ಹೇಳಿದ. ಮತ್ತೆ ಆ ಮಾತೆತ್ತಿಲ್ಲ. ಅವನನ್ನು ತೆಗೆಯಬೇಕು ಅಂತ ಇನ್ನೊಂದು ಸಲ ಬರೆಯುವ ಮುಂಚೆ ಇದನ್ನು ನೆನೆಸಿಕೋ.

ಹಾಗಂತ ನಿನಗೆ ಸುಳ್ಳು ಹೇಳಲಾರೆ. ಎರಡನೇ ಅರ್ಧದಲ್ಲಿ ಎದುರಿಗೆ ಸೂರ್ಯ, ಚಿನ್ನ ತೆಗೆದು ಸುರಿದ ಪುಡಿಯ ಸೈನೈಡು ದಿಬ್ಬದಿಂದ ಬೀಸಿ ಬರುವ ಬಿಳೀ ಮಣ್ಣು ಬೇರೆ. ಹದಿಮೂರು ವರ್ಷ ಆ ಮಣ್ಣು ತಿಂದ ಕಣ್ಣು. ಈಗೀಗ ಐದು ಗಂಟೆ ಹೊಡೆದ ಮೇಲೆ ಕುಪ್ಪುಸ್ವಾಮಿ ಚೆಂಡನ್ನು ನೋಡುವುದಿಲ್ಲ, ಹಿಂದಿನ ಹಲಗೆಗೆ ಬಡಿದ ಸದ್ದು ಕೇಳಿ ಗುರುತು ಹಿಡಿಯುತ್ತಾನೆ! ಬರೆಯುತ್ತಾ ನನಗೇ ನಗು ಬಂತು. ಆದಿಲಕ್ಷ್ಮಿ ಅಡಿಗೆಮನೆಯಿಂದ “ಏನ್ ನಗ್ತೀರಾ ಒಬ್ರೇ?” ಅಂತ ಕೇಳಿದಳು.

ಇದು ನಿನ್ನ ಹೊಟ್ಟೆಯಲ್ಲಿರಲಿ. ಹೊಟ್ಟೆ ದೊಡ್ಡದು, ಜಾಗಕ್ಕೇನು ಕಡಿಮೆ.

ಇಂತಿ,
ಗೆಲುವಿನ ನಿರೀಕ್ಷೆಯಲ್ಲಿ ಕೂದಲು ನರೆಸಿಕೊಂಡ
ಕೊಂಡಪ್ಪ


ಬಂಗಾರಪೇಟೆ
14-10-1957

ಲ್ಯಾಂಪ್ ರೂಮಿನ ದೀಪವೇ,

ಒಂದಕ್ಕೆ ಆರು. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ನಿನ್ನೆ ವಾಪಸು ರೈಲಿನಲ್ಲಿ ಬೇರೆಯವರು ಹೇಳಿದ್ದನ್ನು ಮಾತ್ರ ನಿವೇದಿಸುತ್ತೇನೆ.

ಬೋಗಿಯಲ್ಲಿ ಎರಡು ಪಕ್ಷ. ಸೆಂಟರ್ ಫಾರ್ವರ್ಡನ್ನು ತೆಗೆಯಬೇಕು ಅನ್ನುವವರು ಕಿಟಕಿ ಕಡೆ, ಕುಪ್ಪುಸ್ವಾಮಿಯನ್ನು ತೆಗೆಯಬೇಕು ಅನ್ನುವವರು ಬಾಗಿಲ ಕಡೆ. ಸ್ಟೇಷನ್ ಎದುರಿನ ಟೀ ಹೋಟ್ಲಿನ ಜಯರಾಮಪ್ಪ ಬೆಂಚಿನ ಮೇಲೆ ಹತ್ತಿ ನಿಂತ.

“ಲೇ, ಆ ಕುಪ್ಪುಸ್ವಾಮಿ ಜಾಗ್ದಾಗೆ ನಮ್ ಓಟ್ಲು ಬಾಗ್ಲು ಕಿತ್ಕೊಂಡೋಗಿ ನಿಲ್ಸಿದ್ರೂ ನಾಲಕ್ ಗೋಲು ತಡೀತಿತ್ತು ಕಣ್ಲಾ!”

ಅದಕ್ಕೆ ಬೇತಮಂಗಲದವನೊಬ್ಬ, “ಬಾಗ್ಲು ಯಾಕಣ್ಣ? ನಮ್ ಕೆರೆ ತೂಬು ತಂದ್ ನಿಲ್ಸು. ಅದು ಒಂದೊಂದ್ ಸಲನಾದ್ರೂ ಮುಚ್ಕೊಂತದೆ” ಅಂದ.

ಬೋಗಿ ಬೋಗಿಯೇ ನಕ್ಕಿತು. ಆಗ ಎಲ್ಲರೂ ನನ್ನ ಕಡೆ ತಿರುಗಿದರು. “ಸುಬ್ರಾಯಣ್ಣ, ನೀನೊಂದ್ ಅರ್ಜಿ ಬಿಸಾಕು” ಅಂದರು. ಕಾಗದ, ಮಸಿ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತವೆ. ಕುಣಿಯುವವನಿಗೆ ಗೆಜ್ಜೆ ಕಟ್ಟಿದ ಹಾಗಾಯಿತು. ಆಟದ ಕಮಿಟಿಯ ಕಾರ್ಯದರ್ಶಿಗಳ ದಿವ್ಯ ಸನ್ನಿಧಾನಕ್ಕೆ ಅಂತ ಶುರು ಮಾಡಿದೆ. ಊರು ಬರುವುದರೊಳಗೆ ಮುಗಿಯಿತು. ಪ್ಲಾಟ್‌ಫಾರಂ ಮೇಲೆ ನಿಂತು ಓದಿದೆ. ನಿನ್ನ ಆನಂದಕ್ಕಾಗಿ ಒಂದು ತುಣುಕು:

‘...ಸದರಿ ಗೋಲು ಎಂಬ ಸ್ಥಿರಾಸ್ತಿಯನ್ನು ಸದರಿ ಕುಪ್ಪುಸ್ವಾಮಿಯು ಪ್ರತಿ ಭಾನುವಾರವೂ ಪರಭಾರೆ ಮಾಡುತ್ತಿರುವುದು ಸರಿಯಷ್ಟೆ. ಅಲ್ಲದೆ ಸಾಯಂಕಾಲ ಐದು ಗಂಟೆಯ ತರುವಾಯ ಸದರಿಯವನು ಚೆಂಡನ್ನು ಕಣ್ಣಿನಿಂದ ಕಾಣದೆ, ಹಲಗೆಗೆ ಬಡಿದ ಸದ್ದಿನಿಂದ ಗುರುತು ಹಿಡಿಯುವನೆಂದು ಲ್ಯಾಂಪ್ ರೂಮಿನ ನೌಕರರೊಬ್ಬರು ತಮ್ಮ ಸ್ವಹಸ್ತದಿಂದ ಬರೆದುಕೊಟ್ಟಿರುತ್ತಾರೆ. ಆದ್ದರಿಂದ ಸದರಿಯವನ ಖಾತೆಯನ್ನು ವಜಾ ಮಾಡಿ...’

ನಿನ್ನ ವಾಕ್ಯಕ್ಕೆ ಸಿಕ್ಕಿದ ನಗು ನನ್ನ ಚಕ್ಕುಬಂದಿಗೂ ಸಿಗಲಿಲ್ಲ, ಹೊಟ್ಟೆ ಉರಿಯಿತು. ಅರವತ್ತೊಂದು ಜನ ರುಜು ಹಾಕಿದರು. ಅದರಲ್ಲಿ ಹತ್ತೊಂಬತ್ತು ಹೆಬ್ಬೆಟ್ಟು.

ನೀನು ಬರೆದ ಕೇಜಿನ ಸಂಗತಿ ಮರೆತಿಲ್ಲ, ಗಾಬರಿಯಾಗಬೇಡ. ಇದು ಎಲ್ಲಿಗೂ ಹೋಗುವ ಅರ್ಜಿಯಲ್ಲ. ಜಯರಾಮಪ್ಪ ಕಟ್ಟು ಹಾಕಿಸಿ ಹೋಟ್ಲಿನ ಗೋಡೆಗೆ ತೂಗುಹಾಕುತ್ತೇನೆ ಅಂತ ಒಯ್ದಿದ್ದಾನೆ.

ಇಂತಿ,
ಅರವತ್ತೊಂದು ಅರ್ಜಿದಾರರ ಪರವಾಗಿ
ಸುಬ್ಬರಾಯಪ್ಪ


(ಕಾರ್ಡು)
ಕೋರಮಂಡಲ್
16-10-1957

ಸುಬ್ಬ,
ಆ ಕಾಗದವನ್ನು ಜಯರಾಮಪ್ಪನಿಂದ ಇವತ್ತೇ ವಾಪಸು ತೆಗೆದುಕೊಂಡು ಹರಿದುಹಾಕು. ಲ್ಯಾಂಪ್ ರೂಮಿನಲ್ಲಿ ಇರುವ ನೌಕರರು ಇಬ್ಬರು. ಒಬ್ಬ ಕುಪ್ಪುಸ್ವಾಮಿ.
ಕೊಂಡಪ್ಪ


ಬಂಗಾರಪೇಟೆ
25-10-1957

ಪ್ರಿಯ ಕೊಂಡಪ್ಪ,

ದೀಪಾವಳಿಯ ಗಡಿಬಿಡಿಯಲ್ಲಿ ಉತ್ತರ ತಡವಾಯಿತು. ಕಾರ್ಡು ಬಂದ ದಿನವೇ ಜಯರಾಮಪ್ಪನ ಹೋಟ್ಲಿಗೆ ಹೋದೆ ಅಂತ ಬರೆಯಲು ಆಸೆ. ಹೋದದ್ದು ನಾಲ್ಕು ದಿನ ಬಿಟ್ಟು. ಗೋಡೆ ಮೇಲೆ ಅರ್ಜಿ ಇರಲಿಲ್ಲ.

“ಎಲ್ಲಪ್ಪಾ?” ಅಂದೆ.

“ಇಪ್ಪತ್ತನೇ ತಾರೀಕು ಆಟಕ್ಕೋದಾಗ ಕಮಿಟಿ ಪೆಟ್ಟಿಗೇಗ್ ಆಕ್ಬುಟ್ಟೆ ಸುಬ್ರಾಯಣ್ಣ” ಅಂದ, ಏನೋ ಪುಣ್ಯ ಮಾಡಿದವನ ಹಾಗೆ. “ರುಜು ಬಿದ್ದ ಅರ್ಜೀನ ಸೇರ್ಸೋ ಕಡೆ ಸೇರಿಸ್ದೆ ಮನೇಲಿಕ್ಕೊಂಡ್ರೆ ದರಿದ್ರ ಅಂತ ನಮ್ಮವ್ವ ಅಂದ್ಲು. ಅಂಗೂ ಅಷ್ಟು ಚೆಂದಾಗ್ ಬರ್ದಿದ್ದೀಯ, ಗೋಡೇಲಿ ಒಗೆ ಇಡೀಬೇಕಾ?”

ಚಿಂತೆ ಮಾಡಬೇಡ. ತಲೆಯಲ್ಲಿ ಮಿದುಳಿರುವ ಯಾವ ಮನುಷ್ಯನೂ ಗೋಲಿಗೆ ಚಕ್ಕುಬಂದಿ ಹಾಕಿದ ಅರ್ಜಿಯನ್ನು ನಿಜ ಅಂದುಕೊಳ್ಳುವುದಿಲ್ಲ. ಓದಿ, ನಕ್ಕು, ಬುಟ್ಟಿಗೆ ಹಾಕಿರುತ್ತಾರೆ.

ಇಂತಿ,
ಸುಬ್ಬರಾಯಪ್ಪ


ಕೋರಮಂಡಲ್
5-11-1957

ಸುಬ್ಬರಾಯಪ್ಪನಿಗೆ,

ಅವರು ನಗಲಿಲ್ಲ.

ನಿನ್ನ ಅರ್ಜಿಗೆ ನಂಬರು ಬಿತ್ತು, ಮೊಹರು ಬಿತ್ತು, ಫೈಲು ಬಿತ್ತು. ಹೊಸ ಆಡಳಿತ ಬಂದ ಮೇಲೆ ಕಮಿಟಿಗೆ ಬಂದ ಮೊದಲನೇ ಸಾರ್ವಜನಿಕ ಅರ್ಜಿಯಂತೆ. ಅದನ್ನು ಎಷ್ಟು ಭಕ್ತಿಯಿಂದ ಓದಿದ್ದಾರೆಂದರೆ, ಇಬ್ಬರು ಬಂದು ಟೇಪು ಹಿಡಿದು ಗೋಲನ್ನು ಅಳೆದರು. ‘ಚಕ್ಕುಬಂದಿ ಸ್ಥಳದಲ್ಲಿ ತನಿಖೆ ಮಾಡಲಾಗಿ ಸರಿಯಿರುತ್ತದೆ’ ಅಂತ ಷರಾ ಬರೆದರು. ನೀನು ಅಷ್ಟು ಚೆನ್ನಾಗಿ ಬರೆಯಬಾರದಿತ್ತು.

ಆಮೇಲೆ ನನ್ನನ್ನು ಕರೆಸಿದರು. ಕಾರ್ಯದರ್ಶಿ ಆ ಸಾಲಿನ ಮೇಲೆ ಬೆರಳಿಟ್ಟು, “ಈ ಮಾತು ನಿಮ್ದೇನ್ರಿ?” ಅಂದರು.

“ನಂದೇ ಸಾರ್. ಆದ್ರೆ ತಮಾಷೆಗೆ ಫ್ರೆಂಡ್‌ಗೆ...”

“ನಿಮ್ದಾ, ಅಲ್ವಾ? ಅಷ್ಟ್ ಹೇಳಿ.”

“ನಂದೇ.”

ಅಷ್ಟನ್ನೇ ಬರೆದುಕೊಂಡರು. ನನ್ನದಲ್ಲ ಅನ್ನಬಹುದಿತ್ತು. ಅಂದಿದ್ದರೆ ನಿನ್ನನ್ನು ಕರೆಸುತ್ತಿದ್ದರು, ನೀನು ನನ್ನ ಕಾಗದ ತೋರಿಸುತ್ತಿದ್ದೆ, ನನ್ನ ಕೆಲಸ ಹೋಗುತ್ತಿತ್ತು. ಇಷ್ಟನ್ನೆಲ್ಲ ಆ ಒಂದು ಕ್ಷಣದಲ್ಲಿ ಯೋಚಿಸಿದೆ. ಸ್ಕೂಲಿನಲ್ಲಿ ಲೆಕ್ಕ ಬಾರದಿದ್ದವನಿಗೆ ಅವತ್ತು ಎಷ್ಟು ಬೇಗ ಬಂತು ನೋಡು.

ಶನಿವಾರ ಹಲಗೆಯ ಮೇಲಿನ ಹೆಸರು ಅಳಿಸಿದರು. ನಿನ್ನೆ ಸೋಮವಾರ ಬೆಳಿಗ್ಗೆ ಕುಪ್ಪುಸ್ವಾಮಿ ಲ್ಯಾಂಪು ಕೊಡುವ ಕಟಕಟೆಯ ಆ ಕಡೆ, ಸಾಲಿನಲ್ಲಿ ನಿಂತಿದ್ದ. ನಂಬರು ನಾನೂರ ಹದಿನೆಂಟು. ಬಿಲ್ಲೆ ಚಾಚಿದ. ಹದಿಮೂರು ವರ್ಷ ‘ಕೊಂಡಣ್ಣ’ ಅಂದವನು “ಲ್ಯಾಂಪ್ ಕೊಡಿ ಸಾರ್” ಅಂದ.

ಕೊಟ್ಟೆ. ಗಾಜು ಅವನೇ ಶನಿವಾರ ಒರೆಸಿಟ್ಟದ್ದು.

ಕೊಂಡಪ್ಪ


ಬಂಗಾರಪೇಟೆ
13-11-1957

ಪ್ರಿಯ ಕೊಂಡಪ್ಪ,

ನಿನ್ನ ಕಾಗದ ಬಂತು. ನಾರಾಯಣಮ್ಮ ಓದಿಸಿಕೊಂಡು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನೀನಾದರೂ ನ್ಯಾಯವಾಗಿ ಮಾತಾಡು.

ಗಣಿಯಲ್ಲಿ ಸಾವಿರಾರು ಜನ ದಿನಾ ಇಳಿಯುತ್ತಾರೆ, ಹತ್ತುತ್ತಾರೆ. ಅವರೆಲ್ಲ ಗೋಲ್ ಕೀಪರುಗಳಲ್ಲ. ಟೀಮು ಸೋಲುತ್ತಿತ್ತು ತಾನೆ? ಅಭಿಮಾನಿಗಳಿಗೆ ಬಾಯಿ ಇರಬಾರದೆ? ರೈಲಿನಲ್ಲಿ ನಾವು ಅರವತ್ತೊಂದು ಜನ ಆಡಿಕೊಂಡದ್ದನ್ನು ನಿಮ್ಮ ಕಮಿಟಿಯ ಪೆದ್ದರು ವೇದವಾಕ್ಯ ಮಾಡಿಕೊಂಡರೆ ಅದಕ್ಕೆ ನಾನು ಹೊಣೆಯೆ? ಇನ್ನೂ ಹೇಳಬೇಕೆಂದರೆ, ಚಕ್ಕುಬಂದಿ ಓದಿ ಯಾರೂ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ತೆಗೆದದ್ದು ಕಣ್ಣಿನ ಮಾತಿನಿಂದ. ಆ ಮಾತು ನನ್ನದಲ್ಲ. ಚಿತ್ರ ನಿನ್ನದು, ನಾನು ಕಟ್ಟು ಹಾಕಿದೆ.

ಹೊಸ ಕೀಪರು ಚುರುಕು ಅಂತ ಕೇಳಿದೆ. ಭಾನುವಾರ ಬರುತ್ತೇನೆ. ಬಂದಾಗ ಮುಖ ಊದಿಸಿಕೊಂಡು ನಿಲ್ಲಬೇಡ.

ಸುಬ್ಬರಾಯಪ್ಪ


ಕೋರಮಂಡಲ್
10-12-1957

ಸುಬ್ಬರಾಯಪ್ಪನಿಗೆ,

ಭಾನುವಾರ ನೀನು ಮೈದಾನದ ಆ ಕಡೆ ನಿಂತಿದ್ದೆ, ನಾನು ಈ ಕಡೆ. ನೋಡಿದೆ. ನೀನೂ ನೋಡಿದೆ.

ಸೊನ್ನೆಗೆ ಏಳು. ಚುರುಕಿನ ಹುಡುಗ ಚೆಂಡು ಬರುವ ಮುಂಚೆಯೇ ಚುರುಕಾಗಿ ಬಿದ್ದುಬಿಡುತ್ತಾನೆ. ಐದನೇ ಗೋಲು ಆದಾಗ ನಿನ್ನ ಪಕ್ಕ ನಿಂತ ಜಯರಾಮಪ್ಪ “ಕುಪ್ಪುಸ್ವಾಮೀನ ಕರೀರಲಾ!” ಅಂತ ಕೂಗಿದ. ಬಂಗಾರಪೇಟೆಯವರೆಲ್ಲ ಕೂಗಿದರು. ನಿನ್ನ ಬಾಯಿ ಅಲ್ಲಾಡಿತೋ ಇಲ್ಲವೋ ದೂರದಿಂದ ತಿಳಿಯಲಿಲ್ಲ.

ಅವನ ಕಾಲೋನಿ ಮೈದಾನದ ಹಿಂದೆಯೇ ಇದೆ. ಕೂಗು ಅವನಿಗೆ ಕೇಳಿಸಿತು. ಸಂಜೆ ನಾನು ಅವನ ಮನೆಗೆ ಹೋದೆ. ಹೋಗಲು ಐದು ವಾರ ಬೇಕಾಯಿತು. ಬಾಗಿಲಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ.

“ಆ ಅರ್ಜೀಲಿ ಏನ್ ಬರ್ದವ್ರೆ ಸಾರ್, ನಂಗ್ಯಾರೂ ಪೂರ್ತಿ ಹೇಳಿಲ್ಲ. ನೀವು ಓದಿ” ಅಂದ.

ನಿನ್ನ ಚಕ್ಕುಬಂದಿಯೂ ನೀನು ಕಳಿಸಿದ ತುಣುಕೂ ನನಗೆ ಬಾಯಿಪಾಠವಾಗಿದ್ದವು. ಹೇಳಿದೆ. ಪಶ್ಚಿಮಕ್ಕೆ ಕುಪ್ಪುಸ್ವಾಮಿ ಅನ್ನುವಲ್ಲಿ ನಕ್ಕ. ಪರಭಾರೆ ಅಂದರೇನು ಅಂತ ಕೇಳಿ ತಿಳಿದುಕೊಂಡು ಇನ್ನೂ ನಕ್ಕ. ಹೆಂಡತಿ ಮುತ್ಯಾಲಮ್ಮ ಒಳಗಿನಿಂದ “ಏನಯ್ಯಾ ನಗ್ತೀಯ, ಅದು ನಿನ್ ಮೇಲೇ ಬರ್ದಿರೋದು!” ಅಂತ ಬೈದಳು. ಐದು ಗಂಟೆಯ ಮಾತು ಬಂದಾಗ ಅವನು ನಗಲಿಲ್ಲ. “ಇದ್ ನಿಮ್ದು” ಅಂದ. ಪ್ರಶ್ನೆಯಾಗಿ ಕೇಳಲಿಲ್ಲ.

ನಾನು ತಲೆಯಾಡಿಸಿದೆ.

ಕಾಲಿಗೆ ಇನ್ನಷ್ಟು ಎಣ್ಣೆ ಹಚ್ಚಿಕೊಂಡು, “ಬರ್ದ ಸುಬ್ರಾಯಪ್ಪ ಅಂದ್ರೆ... ಅವತ್ತು ಫೈನಲ್ ದಿನ ನನ್ನ ಎಗಲ ಮೇಲೆ ಒತ್ಕೊಂಡೋದ್ರಲ್ಲಾ, ಅವ್ರೇನಾ?” ಅಂದ.

ನೀನೇ ಅಂದೆ.

“ಒಳ್ಳೇ ಬಲ ಇತ್ತು ಸಾರ್ ಅವ್ರಿಗೆ” ಅಂದ.

ಇದನ್ನು ನಿನಗೆ ತಿಳಿಸಬೇಕು ಅನ್ನಿಸಿತು. ಉತ್ತರ ಬೇಕಿಲ್ಲ.

ಕೊಂಡಪ್ಪ


ಕೋರಮಂಡಲ್
8-1-1958

ಸುಬ್ಬರಾಯಪ್ಪನಿಗೆ,

ಉತ್ತರ ಬೇಡ ಅಂದದ್ದಕ್ಕೆ ಉತ್ತರ ಬರೆಯಲಿಲ್ಲ. ನನ್ನ ಮಾತನ್ನು ನೀನು ಮೊದಲನೇ ಸಲ ನಡೆಸಿಕೊಟ್ಟೆ. ಈಗ ನಾನೇ ಬರೆಯಬೇಕಾಗಿದೆ.

ನಮ್ಮ ಟೀಮು ಇನ್ನಿಲ್ಲ. ಹೊಸ ವರ್ಷದಿಂದ ಮಾರ್ಟನ್ ಶಾಫ್ಟಿಗೆ ಹಾಕಿ ಟೀಮು ಬೇಡ ಅಂತ ಆರ್ಡರು ಬಂದಿದೆ. ಇಷ್ಟು ಸೋತ ಮೇಲೆ ಅದಕ್ಕೆ ಅಳುವವರೂ ಇರಲಿಲ್ಲ. ಅಂಪೈರು ಒಬ್ಬರು ಮೂಗು ಒರೆಸಿಕೊಂಡರು, ಅವರಿಗೆ ನೆಗಡಿ.

ಆರ್ಡರಿನ ಎರಡನೇ ಪ್ಯಾರಾವನ್ನು ನಾನು ಎರಡು ಸಲ ಓದಿದೆ. ಟೀಮು ಮುರಿದದ್ದರಿಂದ ಆಟಗಾರರಿಗೆ ಅನ್ಯಾಯವಾಗಬಾರದಂತೆ. ಡಿಸೆಂಬರು ಮೂವತ್ತೊಂದನೇ ತಾರೀಕು ಯಾರ ಹೆಸರು ಹಲಗೆಯ ಮೇಲಿತ್ತೋ ಆ ಹದಿನಾಲ್ಕು ಜನರಿಗೂ ಮೇಲಿನ ಕೆಲಸ ಕಾಯಂ. ಪೆನ್ಷನ್ ಆಗುವವರೆಗೆ ಯಾರೂ ಅವರನ್ನು ಕೆಳಗೆ ಇಳಿಸುವಂತಿಲ್ಲ.

ಚೆಂಡನ್ನು ಮುಟ್ಟದ ಸೆಂಟರ್ ಫಾರ್ವರ್ಡು ಕಾಯಂ. ದಾರಿ ಬಿಡುವ ಮರ್ಯಾದಸ್ಥರು ಇಬ್ಬರೂ ಕಾಯಂ. ಎಂಟು ಆಟ ಆಡಿ ನಲವತ್ತು ಗೋಲು ಬಿಟ್ಟ ಹೊಸ ಕೀಪರು ಕಾಯಂ. ಅವನು ಈಗ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಗಾಜು ಒರೆಸುತ್ತಾನೆ. ಒಳ್ಳೆಯ ಹುಡುಗ. ಮುಖ ನೋಡಲಾರೆ.

ಹದಿಮೂರು ವರ್ಷ ಹಲಗೆಯ ಮೇಲಿದ್ದವನ ಹೆಸರು ಎಂಟು ವಾರದ ಮುಂಚೆ ಅಳಿಸಿತ್ತು. ನಿನ್ನ ಅರ್ಜಿ ಇಲ್ಲದಿದ್ದರೆ ಅವನು ಸೋಲುತ್ತಾ ಸೋಲುತ್ತಾ ಗೆದ್ದುಬಿಡುತ್ತಿದ್ದ. ನಿನ್ನ ಅರ್ಜಿ ಅಂದೆ. ನಮ್ಮ ಅರ್ಜಿ ಅಂತ ಓದಿಕೋ.

ಕೊಂಡಪ್ಪ


ಬಂಗಾರಪೇಟೆ
27-1-1958

ಕೊಂಡಪ್ಪ,

ಈ ಕಾಗದದಲ್ಲಿ ತಮಾಷೆ ಇಲ್ಲ.

ಕುಪ್ಪುಸ್ವಾಮಿಯ ಹೆಸರನ್ನೂ ಆ ಹದಿನಾಲ್ಕು ಜನರ ಜೊತೆ ಸೇರಿಸಬೇಕು ಅಂತ ಒಂದು ಅರ್ಜಿ ಬರೆದಿದ್ದೇನೆ. ಇಪ್ಪತ್ತು ವರ್ಷದಲ್ಲಿ ಎಷ್ಟು ಸಾವಿರ ಅರ್ಜಿ ಬರೆದಿರಬಹುದು, ಒಂದನ್ನೂ ಎರಡನೇ ಸಲ ಬರೆದಿರಲಿಲ್ಲ. ಇದನ್ನು ಏಳು ಸಲ ಬರೆದೆ. ಸದರಿ ಬಿಟ್ಟೆ, ದಿವ್ಯ ಸನ್ನಿಧಾನ ಬಿಟ್ಟೆ. ಅವನ ಅಪ್ಪ ಸತ್ತದ್ದು, ಅಣ್ಣನ ಬಿಲ್ಲೆ ಒಂಬತ್ತು ದಿನ ತೂಗಾಡಿದ್ದು, ಫೈನಲ್ಲಿನಲ್ಲಿ ಎರಡು ಹಲ್ಲು ಕೊಟ್ಟದ್ದು, ಎಲ್ಲ ಇದ್ದದ್ದು ಇದ್ದ ಹಾಗೆ ಬರೆದೆ. ಹಿಂದಿನ ಅರ್ಜಿ ನಗುವುದಕ್ಕಾಗಿ ನಾನೇ ಬರೆದದ್ದು, ತಪ್ಪು ನನ್ನದು, ಶಿಕ್ಷೆ ಅವನಿಗಾಗಿದೆ ಅಂತಲೂ ಬರೆದೆ.

ಅದೇ ಅರವತ್ತೊಂದು ಜನರ ಮನೆಮನೆಗೆ ಹೋದೆ. ಐವತ್ತೇಳು ಸಿಕ್ಕಿತು. ಜಯರಾಮಪ್ಪ ಹೆಬ್ಬೆಟ್ಟು ಒತ್ತಿದ. ಅವನಿಗೆ ರುಜು ಹಾಕಲು ಬರುತ್ತದೆ, ಯಾಕೋ ಒತ್ತಿದ.

ನಿನ್ನೆ ನಾನೇ ಕೋಟು ಹಾಕಿಕೊಂಡು ಬಂದು ಕಮಿಟಿಯ ಪೆಟ್ಟಿಗೆಗೆ ಹಾಕಿದೆ. ನಿನ್ನ ಮನೆಯ ಮುಂದೆಯೇ ಹಾದು ಹೋದೆ. ಆದಿಲಕ್ಷ್ಮಿ ನೋಡಿರಬಹುದು. ಒಳಗೆ ಬರಲು ಆಗಲಿಲ್ಲ.

ಏನಾಯಿತು ಅಂತ ಒಂದು ಸಾಲು ಬರೆ.

ಸುಬ್ಬರಾಯಪ್ಪ


ಕೋರಮಂಡಲ್
18-2-1958

ಸುಬ್ಬ,

ನಿನ್ನ ಅರ್ಜಿ ಓದಿದರು. ನಾನು ಆಗ ಲ್ಯಾಂಪುಗಳ ಪಟ್ಟಿ ಕೊಡಲು ಆಫೀಸಿಗೆ ಹೋಗಿದ್ದೆ.

ಚಕ್ಕುಬಂದಿ ಅರ್ಜಿ ತಮಾಷೆಯದು ಅಂತ ಅವರಿಗೆ ಈಗ ಗೊತ್ತು. ಯಾರೋ ಮೇಲಿನವರು ಫೈಲು ನೋಡಿ, ಗೋಲು ಅಳೆದ ಷರಾ ಓದಿ, ಇವರನ್ನೆಲ್ಲ ನಿಲ್ಲಿಸಿ ನಕ್ಕಿದ್ದರಂತೆ. ಆ ಅವಮಾನ ಇನ್ನೂ ಆರಿಲ್ಲ. ಹಾಗಾಗಿ ಪೆಟ್ಟಿಗೆಯಲ್ಲಿ ಬಂಗಾರಪೇಟೆಯ ಸುಬ್ಬರಾಯಪ್ಪ ಅಂತ ಕಂಡ ಕೂಡಲೇ ಕಾರ್ಯದರ್ಶಿ, “ಬಂತಪ್ಪಾ ಇನ್ನೊಂದು! ಈ ಸಲ ನಾವ್ ಬೀಳಲ್ಲ” ಅಂದರು. ಜವಾನನನ್ನು ಕಳಿಸಿ ಪಕ್ಕದ ರೂಮಿನವರನ್ನೂ ಕರೆಸಿದರು. ನಿಂತುಕೊಂಡು, ಧ್ವನಿ ಏರಿಸಿ ಇಳಿಸಿ ಓದಿದರು.

ಒಂಬತ್ತು ದಿನ ಬಿಲ್ಲೆ ತೂಗಾಡಿತು ಅನ್ನುವಲ್ಲಿ ಒಬ್ಬ ಮೇಜು ಗುದ್ದಿ ನಕ್ಕ. ಎರಡು ಹಲ್ಲಿನ ಮಾತಿಗೆ “ಹಲ್ಲುಗಳನ್ನ ಸಾಕ್ಷಿಗೆ ಹಾಜರ್ ಮಾಡ್ಲಿ!” ಅಂತ ಕೂಗಿದರು. ‘ತಪ್ಪು ನನ್ನದು’ ಅಂತ ಬರೆದಿದ್ದೀಯಲ್ಲ, ಅಲ್ಲಿ ಕಾರ್ಯದರ್ಶಿ ಓದಲಾರದೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ಏನ್ ಬರೀತಾನ್ರೀ ಈ ಮನುಷ್ಯ!” ಅಂದರು.

“ಸಾರ್, ಇದು ನಿಜ” ಅಂದೆ ನಾನು. ಮುಂದೆ ಹೋಗಿ ಗಟ್ಟಿಯಾಗಿ ಅಂದೆ.

“ಗೊತ್ತು ಕಣ್ರೀ, ನೀವೂ ಅವರ ಪಾರ್ಟೀನೇ” ಅಂದರು. ಇನ್ನೊಂದು ಸುತ್ತು ನಗು.

ಅರ್ಜಿಗೆ ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿದ್ದಾರೆ.

ಕುಪ್ಪುಸ್ವಾಮಿಗೆ ಇವತ್ತು ಬೆಳಿಗ್ಗೆ ಹೇಳಿದೆ, ನೀನು ಬರೆದದ್ದನ್ನೂ ಅವರು ನಕ್ಕದ್ದನ್ನೂ. ಹಿಂದೆ ಸಾಲು ನಿಂತಿತ್ತು, ಜನ ತಳ್ಳುತ್ತಿದ್ದರು. ಲ್ಯಾಂಪು ಕೈಗೆ ತೆಗೆದುಕೊಂಡು, ಹಳೇ ಅಭ್ಯಾಸದಂತೆ ಗಾಜನ್ನು ಅಂಗಿಯ ತುದಿಯಿಂದ ಒಂದು ಸಲ ಒರೆಸಿದ. ಆ ಎರಡು ಹಲ್ಲಿಲ್ಲದ ಜಾಗ ಕಾಣುವಷ್ಟು ಬಾಯಿ ತೆರೆದು ನಕ್ಕ.

“ಓಗ್ಲಿ ಬುಡಿ ಸಾರ್. ನೀವ್ ಬರ್ದಿದ್ದು ಅವತ್ತು ತಮಾಷೆ ಆಗಿತ್ತು, ಈಗ ನಿಜ ಆಯ್ತು. ಕೆಳಗೆ ಎಷ್ಟೊತ್ತಿಗೂ ಐದ್ ಗಂಟೆ ಮೇಲೇ. ಕಣ್ಣಿಗೇನೂ ಕಾಣಲ್ಲ. ತಲೆ ಮೇಲೆ ಬಂಡೆ ಲಟಕ್ ಅಂದ್ರೆ ಆ ಸದ್ ಕೇಳೇ ಗುರುತ್ ಇಡೀಬೇಕು.”

ಕೇಜಿನ ಕಡೆ ಹೋದ. ಅವನ ಬಿಲ್ಲೆಯನ್ನು ಮೊಳೆಗೆ ಹಾಕಿದೆ.

ಈಗ ಮಧ್ಯಾಹ್ನ ಎರಡೂವರೆ, ಪಾಳಿ ಬಿಡಲು ಅರ್ಧ ಗಂಟೆ ಇದೆ. ಬಿಲ್ಲೆ ಅಲ್ಲೇ ಇದೆ. ಅವನು ಬಂದು ಬಿಲ್ಲೆ ತೆಗೆದುಕೊಂಡು ಹೋದ ಮೇಲೆ ಈ ಕಾಗದವನ್ನು ಅಂಚೆಗೆ ಹಾಕುತ್ತೇನೆ. ದಿನಾ ಹೀಗೇ ಕೂತಿರುತ್ತೇನೆ ಸುಬ್ಬ. ಆಟ ಮುಗಿಯುವುದನ್ನು ಕಾಯುವ ಹಾಗೆ.

ಕೊಂಡಪ್ಪ